ಹಲ್ಲು ಬ್ಯಾನಿ ನಿಂತರೆ ಸಾಕೇನು?



ಇವತ್ತು ನಾವು ಹಲ್ಲಿನ ಮಾತು ಆಡೋಣ.

ಹಲ್ಲು ಬ್ಯಾನಿ ಬಂದರೆ ನಾವು ಏನು ಮಾಡುತ್ತೇವೆ? ಲವಂಗ ಇಡುತ್ತೇವೆ. ತಂಬಾಕು ಇಡುತ್ತೇವೆ. ಅಂಗಡಿ ಗುಳಿಗೆ ನುಂಗುತ್ತೇವೆ. ಮಕ್ಕಳಿಗೆ ಬ್ಯಾನಿ ಆದರೆ ದವಾಖಾನೆಗೆ ಓಡುತ್ತೇವೆ. ನಮಗೆ ಆದರೆ, "ರಾಶಿ ಮುಗೀಲಿ, ನೋಡೋಣ" ಅನ್ನುತ್ತೇವೆ.

ಕೆಲವು ದಿನಕ್ಕೆ ಬ್ಯಾನಿ ತಾನೇ ನಿಲ್ಲುತ್ತದೆ. ಆರಾಮ ಆಯ್ತು ಅಂತ ತಿಳಿಯುತ್ತೇವೆ. ಅಲ್ಲೇ ಮೋಸ ಹೋಗುತ್ತೇವೆ.

ಹಲ್ಲಿಗೂ ಜೀವ ಇದೆ. ಅದರ ಮೇಲಿನ ಬಿಳಿ ಪದರು ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಗಟ್ಟಿ. ಒಳಗೆ ಮೆತ್ತಗಿನ ತಿರುಳು ಇದೆ. ತಿರುಳಿನಲ್ಲಿ ನರ ಇದೆ, ರಕ್ತ ಇದೆ. ಅದು ಬೇರಿನ ತುದಿತನಕ ಇಳಿದಿರುತ್ತದೆ.

ಹಲ್ಲಿಗೆ ಹುಳ ಹತ್ತಿದೆ ಅನ್ನುತ್ತೇವೆ. ಅಲ್ಲಿ ಹುಳ ಇರುವುದಿಲ್ಲ. ಕಣ್ಣಿಗೆ ಕಾಣದ ರೋಗಾಣುಗಳು ಇರುತ್ತವೆ. ನಾವು ತಿಂದ ಸಿಹಿಯಿಂದ ಅವು ಹುಳಿ ಮಾಡುತ್ತವೆ. ಆ ಹುಳಿ ಹಲ್ಲನ್ನು ಕೊರೆಯುತ್ತದೆ.

ತೂತು ಸಣ್ಣದಿದ್ದರೆ ತುಂಬಿಸಿದರೆ ಸಾಕು. ತೂತು ತಿರುಳಿಗೆ ಮುಟ್ಟಿದರೆ ರಾತ್ರಿ ನಿದ್ದೆ ಇಲ್ಲ. ಆಮೇಲೆ ನರ ಸಾಯುತ್ತದೆ. ಬ್ಯಾನಿ ನಿಲ್ಲುತ್ತದೆ. ಆದರೆ ರೋಗ ಬೇರಿಗೆ ಇಳಿಯುತ್ತದೆ. ಅಲ್ಲಿ ಕೀವು ಕಟ್ಟುತ್ತದೆ. ಗಲ್ಲಕ್ಕೆ ಬಾವು ಬರುತ್ತದೆ. ಗುಳಿಗೆಯಿಂದ ಆ ಸತ್ತ ತಿರುಳು ಹೊರಗೆ ಬರುವುದಿಲ್ಲ.

ಆಗ ರೂಟ್ ಕೆನಾಲ್ ಮಾಡಿಸಬೇಕು. ರೂಟ್ ಅಂದರೆ ಬೇರು. ಕೆನಾಲ್ ಅಂದರೆ ಕಾಲುವೆ. ಡಾಕ್ಟರು ಮೊದಲು ಸೂಜಿ ಹಾಕಿ ಆ ಜಾಗಕ್ಕೆ ಜೋಮು ಹಿಡಿಸುತ್ತಾರೆ. ಬೇರಿನ ಕಾಲುವೆಯಿಂದ ಕೆಟ್ಟ ತಿರುಳು ತೆಗೆಯುತ್ತಾರೆ. ಔಷಧಿ ನೀರಿನಿಂದ ತೊಳೆಯುತ್ತಾರೆ. ಆಮೇಲೆ ತುಂಬಿ ಮುಚ್ಚುತ್ತಾರೆ. ದವಡೆ ಹಲ್ಲಿಗೆ ಹೆಚ್ಚಾಗಿ ಮೇಲೊಂದು ಕ್ಯಾಪ್ ಹಾಕುತ್ತಾರೆ. ಎರಡು ಮೂರು ಸಲ ಹೋಗಬೇಕಾಗಬಹುದು. ನಡುವೆ ಬಿಡಬಾರದು.

"ಕೀಳಿಸಿದರೆ ಖರ್ಚು ಕಡಿಮೆ" ಅನ್ನುವವರಿದ್ದಾರೆ. ಉಳಿಯದ ಹಲ್ಲು ಕೀಳಿಸಲೇಬೇಕು. ಉಳಿಯುವ ಹಲ್ಲು ಕಿತ್ತರೆ ಪಕ್ಕದ ಹಲ್ಲು ವಾಲುತ್ತವೆ. ಜೋಳದ ರೊಟ್ಟಿ ಅಗಿಯುವುದು ಕಷ್ಟ ಆಗುತ್ತದೆ. ರಾಶಿ ಮುಂದಿನ ವರ್ಷವೂ ಬರುತ್ತದೆ. ಹೋದ ಹಲ್ಲು ಬರುವುದಿಲ್ಲ.

ಎಲ್ಲಿಗೆ ಹೋಗಬೇಕು? ಮೊದಲು ಬಸವಕಲ್ಯಾಣದ ಸರ್ಕಾರಿ ದವಾಖಾನೆಯಲ್ಲಿ ಕೇಳೋಣ. ಹುಮನಾಬಾದಿನಲ್ಲಿ ದಂತ ಕಾಲೇಜು ಇದೆ. ಖರ್ಚು ಎಷ್ಟು ಅಂತ ಮೊದಲೇ ಕೇಳೋಣ. ಬಸಿರಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಹೇಳೋಣ.

ಬಾವಿನ ಜೊತೆ ಜ್ವರ ಬಂತೇ? ಬಾಯಿ ತೆರೆಯಲು, ನುಂಗಲು ಆಗುತ್ತಿಲ್ಲವೇ? ಆ ದಿನವೇ ಹೋಗಬೇಕು. ತಡ ಮಾಡಿದರೆ ಜೀವಕ್ಕೆ ಅಪಾಯ.

ಈಗ ನಮಗೆ ಓದಲು ಬರುತ್ತದೆ. ದವಾಖಾನೆ ಚೀಟಿಯ ಮೇಲಿನ ತಾರೀಖು ನಾವೇ ಓದೋಣ. ಆ ದಿನ ತಪ್ಪದೆ ಹೋಗೋಣ.