ಮೊಣಕಾಲು ನೋವು ಮತ್ತು ಗ್ಲುಕೋಸಮೈನ್ ಗುಳಿಗೆ



ವಯಸ್ಸಾದಂತೆ ಮೊಣಕಾಲಿನ ಕೀಲಿನಲ್ಲಿರುವ ಮೃದುವಾದ ಎಲುಬು ಸವೆದು ನೋವು, ಬಿಗಿತ ಉಂಟಾಗುತ್ತವೆ. ಗ್ಲುಕೋಸಮೈನ್ ಗುಳಿಗೆಯು ಸವೆದುದನ್ನು ಮತ್ತೆ ಬೆಳೆಸುವುದೆಂದು ನಂಬಿ ಹಲವರು ಪ್ರತಿ ತಿಂಗಳೂ ಹಣ ವ್ಯಯಿಸುತ್ತಾರೆ.

ಅಮೆರಿಕದಲ್ಲಿ 1583 ರೋಗಿಗಳನ್ನು 24 ವಾರ ಪರೀಕ್ಷಿಸಿದ ಪ್ರಯೋಗದ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದವರಲ್ಲಿ ನೂರಕ್ಕೆ 60 ಮಂದಿಗೆ, ಗ್ಲುಕೋಸಮೈನ್ ನುಂಗಿದವರಲ್ಲಿ 64 ಮಂದಿಗೆ ನೋವು ತಗ್ಗಿತು. ಇಷ್ಟು ಅಲ್ಪ ಅಂತರವು ಆಕಸ್ಮಿಕವಾಗಿಯೂ ಬರಬಹುದು. ಆದುದರಿಂದ ಈ ಗುಳಿಗೆಯನ್ನು ನೆಚ್ಚಿ ಸಂಸಾರದ ಹಣ ಕಳೆಯುವುದು ಉಚಿತವಲ್ಲ.

ಹಾಗಾದರೆ ಮಾಡತಕ್ಕದ್ದೇನು? ದಿನವೂ ಕುಳಿತು ಕಾಲನ್ನು ನೇರವಾಗಿ ಚಾಚಿ, ಕೆಲ ಕ್ಷಣ ಹಿಡಿದು ಇಳಿಸಿರಿ. ತೊಡೆಯ ಸ್ನಾಯು ಬಲಗೊಂಡರೆ ಕೀಲಿಗೆ ಆಧಾರ ದೊರೆಯುತ್ತದೆ. ತೂಕ ಹೆಚ್ಚಿದ್ದರೆ ಇಳಿಸಿರಿ. ಒಲೆಯನ್ನು ಕಟ್ಟೆಯ ಮೇಲಿರಿಸಿರಿ. ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸವನ್ನು ಪತ್ನಿಯೊಬ್ಬಳಿಗೇ ಬಿಡದೆ ಪತಿಯೂ ಹಂಚಿಕೊಳ್ಳಲಿ.

ನಮ್ಮ ಕೊಪ್ಪಳ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಅದರಿಂದಲೂ ಕೀಲುಗಳು ಬಿಗಿಯುತ್ತವೆ. ನೋವಿನ ಕಾರಣವನ್ನು ಅರಿಯಲು ಮೊದಲು ಸರಕಾರಿ ಆಸ್ಪತ್ರೆಗೆ ಬನ್ನಿರಿ. ಕೀಲು ಬಾತು ಬಿಸಿಯಾದರೆ, ಜ್ವರ ಬಂದರೆ ತಡಮಾಡಬೇಡಿರಿ. ಗುಳಿಗೆಗೆ ತೆಗೆದಿರಿಸಿದ ಹಣವು ಮನೆಯವರೆಲ್ಲರ ಹಾಲು, ಕಾಳು, ಸೊಪ್ಪಿಗೆ ಸಲ್ಲಲಿ.