ಕ್ರಾನ್ ಕೆಲಸ ಮಾಡದಿದ್ದರೆ ಎಲ್ಲಿ ನೋಡಬೇಕು?

ನಮ್ಮ ಪಾಸ್‌ಪೋರ್ಟ್, ವೀಸಾ, ಸಂಬಳದ ಚೀಟಿಗಳ ಸ್ಕ್ಯಾನ್ ಎಲ್ಲಾ ಒಂದೇ ಡಿಸ್ಕಿನಲ್ಲಿದ್ದು ಅದು ಕೆಟ್ಟರೆ, ಬಾಕಿ ಸಂಬಳ ಕೇಳೋಕೂ ಕೈಯಲ್ಲಿ ದಾಖಲೆ ಇರಲ್ಲ. ಅದಕ್ಕೇ ಉಬುಂಟು ಕಂಪ್ಯೂಟರಿನಲ್ಲಿ ಕ್ರಾನ್ ಇಟ್ಟು ವಾರಕ್ಕೊಮ್ಮೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿಸ್ತೀವಿ. ನಕಲು ಆಗದಿದ್ರೆ? ಲೈಟ್ ಹತ್ತದಿದ್ದಾಗ ನೋಡೋ ಕ್ರಮವೇ ಇಲ್ಲೂ.

ಮೊದಲು ಸಪ್ಲೈ: ಕ್ರಾನ್ ಸರ್ವಿಸ್ ಓಡ್ತಾ ಇದೆಯಾ?

ಆಮೇಲೆ ಟೈಮರ್: ಸಾಲಿನ ಮೊದಲ ಐದು ಜಾಗ ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. '30 22 * * 5' ಅಂದ್ರೆ ಶುಕ್ರವಾರ ರಾತ್ರಿ 10:30. ಗಡಿಯಾರ ಭಾರತದ ಸಮಯದಲ್ಲೇ ಉಳಿದಿದ್ರೆ ದುಬೈನಲ್ಲಿ 9 ಗಂಟೆಗೇ ಓಡುತ್ತೆ. ಆ ಹೊತ್ತಿಗೆ ಕಂಪ್ಯೂಟರ್ ಆಫ್ ಇದ್ರೆ ಆ ವಾರದ್ದು ಹೋಯ್ತು. ಬಿಟ್ಟುಹೋದದ್ದನ್ನು ಮಾಡೋಕೆ ಅನಾಕ್ರಾನ್ ಬೇಕು.

ಕೊನೆಗೆ ವೈರಿಂಗ್: ಟರ್ಮಿನಲ್‌ನಲ್ಲಿ ನಡೆಯೋ ಕಮಾಂಡ್ ಕ್ರಾನ್‌ನಲ್ಲಿ ನಡೀದೇ ಇರಬಹುದು, ಯಾಕಂದ್ರೆ ಕ್ರಾನ್ ಹುಡುಕೋ ಫೋಲ್ಡರ್‌ಗಳು ಕಡಿಮೆ. ಕಮಾಂಡಿಗೂ ಫೈಲಿಗೂ ಪೂರ್ತಿ ಪಾಥ್ ಬರೀರಿ. ಸಾಲಿನಲ್ಲಿ ಶೇಕಡಾ ಚಿಹ್ನೆ ಇದ್ರೆ ಅದಕ್ಕೆ ಮುಂಚೆ ಬ್ಯಾಕ್‌ಸ್ಲ್ಯಾಷ್ ಹಾಕಿ. ಬರೋ ಸಂದೇಶಗಳನ್ನು ಲಾಗ್ ಫೈಲಿಗೆ ತಿರುಗಿಸಿ; ಅದೇ ನಮ್ಮ ಟೆಸ್ಟರ್.

ತಿಂಗಳಿಗೊಮ್ಮೆ ನಕಲಿನ ಫೈಲ್ ತೆಗೆದು ನೋಡಿ. ಓದೋಕೆ ಬಂದ್ರೆ ಮಾತ್ರ ಅದು ನಕಲು.