ಅಂಚೆಚೀಟಿಯ ಮಾವು, ಹೊಳೆದಂಡೆಯ ಮಾವು
(ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಣ್ಣುಗಳ ಚಿತ್ರವಿರುವ ಹಳೆಯ ಅಂಚೆಚೀಟಿಗಳನ್ನು ಸಂಗ್ರಹಿಸುವುದು ನನ್ನ ಹವ್ಯಾಸ. ಮನೆಯ ಹಳೆಯ ಪತ್ರಗಳ ಕಟ್ಟೇ ಇದಕ್ಕೆ ಆಕರ. ಚೀಟಿಯನ್ನು ಕಿತ್ತು ತೆಗೆಯಬಾರದು. ಲಕೋಟೆಯ ತುಂಡಿನೊಡನೆ ಕತ್ತರಿಸಿ ನೀರಿನಲ್ಲಿ ನೆನೆಸಿದರೆ ಅಂಟು ತಾನಾಗಿ ಬಿಡುತ್ತದೆ.

1967ರ 50 ಪೈಸೆಯ ಚೀಟಿಯಲ್ಲಿ ಮಾವಿನ ಹಣ್ಣುಗಳಿವೆ. 1968ರ 4 ಪೈಸೆಯದರಲ್ಲಿ ಕಾಫಿ ಹಣ್ಣು. 1979ರಲ್ಲಿ ಆರಂಭವಾದ ಸರಣಿಯಲ್ಲಿ ಗೇರು, ಸೇಬು, ಕಿತ್ತಳೆಗಳು ಬಂದವು. ಇವೆಲ್ಲ ಪೇಟೆ ಬಲ್ಲ ಫಸಲುಗಳು.

ಆ ಮಾವಿನ ಚೀಟಿ ಹೊರಬರುವುದಕ್ಕೆ ಮೂರು ವರ್ಷ ಮೊದಲು, 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತ್ತು. ಶರಾವತಿಯ ದಂಡೆಯ ಮಿಡಿಮಾವಿನ ಮರಗಳು ಹಿನ್ನೀರಿನಲ್ಲಿ ಮುಳುಗಿದವು. ಬೀಜದಿಂದ ತಾನಾಗಿ ಹುಟ್ಟಿದ ಅಪ್ಪೆಮಿಡಿ ಮರಗಳಲ್ಲಿ ಒಂದರ ಸೊನೆಯ ಪರಿಮಳ ಇನ್ನೊಂದಕ್ಕಿಲ್ಲ. ಒಂದು ಮರ ಹೋದರೆ ಒಂದು ರುಚಿಯ ಸಂತಾನವೇ ಹೋದಂತೆ.

ನನ್ನ ಚೀಟಿ ಕಳೆದುಹೋದರೆ ಇನ್ನೊಬ್ಬ ಸಂಗ್ರಹಕಾರರ ಬಳಿ ದೊರೆತೀತು. ಮರಕ್ಕೆ ಎರಡನೆಯ ಪ್ರತಿಯಿಲ್ಲ. ಮರ ಉಳಿದಿರುವಾಗಲೇ ಕುಡಿ ತಂದು ಕಸಿ ಕಟ್ಟಿದರೆ ಮಾತ್ರ ಅದೇ ಗುಣದ ಇನ್ನೊಂದು ಗಿಡ ದೊರೆಯುತ್ತದೆ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಚೀಟಿಗಳ ಪುಸ್ತಕದ ಜೊತೆಗೆ ಇನ್ನೊಂದು ಪುಸ್ತಕವನ್ನೂ ಇಡಿ. ನಿಮ್ಮೂರಿನ ಮಿಡಿಮರ, ಮುರುಗಲು, ನೇರಳೆಗಳು ಎಲ್ಲಿವೆ, ಯಾವಾಗ ಕಾಯಿ ಬಿಡುತ್ತವೆ, ರುಚಿ ಎಂತಹದು ಎಂಬುದನ್ನು ಅದರಲ್ಲಿ ಬರೆಯಿರಿ. ಹಿರಿಯರು ಈ ಮಳೆಗಾಲಕ್ಕೆ ಮುನ್ನ ಮಕ್ಕಳೊಡನೆ ಆ ಮರಗಳವರೆಗೆ ನಡೆದು, ಅವನ್ನು ಗುರುತಿಸಿಕೊಡಬೇಕು.